ಮೊಡವೆ ಮಾತ್ರೆ: ರೂಮ್‌ಮೇಟ್ ಸ್ಟ್ರಿಪ್‌ಗೆ ಕೈ ಹಾಕೋ ಮುಂಚೆ

ಹಾಸ್ಟೆಲ್‌ನಲ್ಲಿ ಚಾರ್ಜರ್, ಡ್ರಾಫ್ಟರ್, ಲ್ಯಾಬ್ ರೆಕಾರ್ಡ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋದು ಮಾಮೂಲು. ಮೊಡವೆ ಮಾತ್ರೆಯ ಸ್ಟ್ರಿಪ್ ಕೂಡ ಹಾಗೇ ಓಡಾಡುತ್ತೆ. "ಅವನ ಮುಖ ಕ್ಲಿಯರ್ ಆಯ್ತು, ನನಗೂ ಆಗುತ್ತೆ" ಅನ್ನೋ ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಗೊತ್ತಾಗಬೇಕಾದರೆ ಆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತೆ ಅಂತ ನಾವು ನೋಡಬೇಕು.

ಕೂದಲಿನ ಬುಡದಲ್ಲಿ ಒಂದು ಎಣ್ಣೆಗ್ರಂಥಿ ಇರುತ್ತೆ. ನಮ್ಮ ವಯಸ್ಸಿನಲ್ಲಿ ಹಾರ್ಮೋನ್ ಏರಿ ಅದು ಹೆಚ್ಚು ಜಿಡ್ಡು ಸುರಿಸುತ್ತೆ. ಉದುರಿ ಹೋಗಬೇಕಾದ ಸತ್ತ ಜೀವಕೋಶಗಳು ಆ ಜಿಡ್ಡಿನ ಜೊತೆ ಸೇರಿ ರಂಧ್ರಕ್ಕೆ ಬಿರಡೆ ಹಾಕಿದ ಹಾಗೆ ಕೂರುತ್ತವೆ. ಮುಚ್ಚಿದ ಆ ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ಆಮೇಲೆ ಕೆಂಪು, ಊತ, ಕೀವು. ಸಣ್ಣಪುಟ್ಟ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ತರಹದ ಹಚ್ಚೋ ಔಷಧಿಗಳೇ ಸಾಕು. ಗಂಟುಗಂಟಾಗಿ ಬಂದು ಕಲೆ, ಗುಳಿ ಬೀಳ್ತಿದ್ದರೆ, ಅಥವಾ ಬೆನ್ನು, ಎದೆ ತುಂಬಾ ಹರಡಿದ್ದರೆ ಡಾಕ್ಟರು ಮಾತ್ರೆಯ ಯೋಚನೆ ಮಾಡ್ತಾರೆ.

ಸಾಮಾನ್ಯವಾಗಿ ಮೊದಲು ಬರೆಯೋದು ಡಾಕ್ಸಿಸೈಕ್ಲಿನ್. ಇದು ಆಂಟಿಬಯಾಟಿಕ್, ಜೊತೆಗೆ ಊತವನ್ನೂ ಇಳಿಸುತ್ತೆ. ಸುಮಾರು 3 ತಿಂಗಳಿಗೆ ನಿಲ್ಲಿಸೋದು ವಾಡಿಕೆ, ಯಾಕಂದ್ರೆ ಎಳೆದಷ್ಟೂ ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗಿಬಿಡುತ್ತೆ. ಅದಕ್ಕೇ ಜೊತೆಗೆ ಹಚ್ಚೋಕೆ ಬೆಂಜಾಯಿಲ್ ಪೆರಾಕ್ಸೈಡ್ ಕೊಡ್ತಾರೆ. ಇದನ್ನ ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡಬಹುದು. ದೊಡ್ಡ ಲೋಟ ನೀರು ಕುಡಿದು ಅರ್ಧ ಗಂಟೆಯಾದ್ರೂ ಕೂತಿರಿ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಜೊತೆಗೆ ತಗೊಂಡರೆ ಔಷಧಿ ಸರಿಯಾಗಿ ಮೈಗೆ ಹತ್ತಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತೆ, ಮಧ್ಯಾಹ್ನ ಗ್ರೌಂಡಲ್ಲಿ ಕ್ರಿಕೆಟ್ ಆಡೋರು ಗಮನಿಸಿ.

ಇನ್ನು ಎಲ್ಲರ ಬಾಯಲ್ಲಿರೋ ಐಸೊಟ್ರೆಟಿನಾಯಿನ್. ಅಮೆರಿಕದಲ್ಲಿ 1982ರಲ್ಲಿ ಅನುಮತಿ ಪಡೆದ, ವಿಟಮಿನ್ ಎ ಕುಟುಂಬದ ಔಷಧಿ. ಇದು ಎಣ್ಣೆಗ್ರಂಥಿಯನ್ನೇ ಕುಗ್ಗಿಸುತ್ತೆ. ಜಿಡ್ಡು ಕಡಿಮೆಯಾದರೆ ಬಿರಡೆಯೂ ಇಲ್ಲ, ಬ್ಯಾಕ್ಟೀರಿಯಾಕ್ಕೆ ಊಟವೂ ಇಲ್ಲ. ಬೇರೆ ಯಾವುದಕ್ಕೂ ಬಗ್ಗದ ಮೊಡವೆ ಇದಕ್ಕೆ ಬಗ್ಗೋದು ಹಾಗೆ.

ಇದರ ಡೋಸ್ ನಮ್ಮಂಥೋರಿಗೆ ಇಷ್ಟ ಆಗೋ ಲೆಕ್ಕ. ಪೂರ್ತಿ ಕೋರ್ಸ್‌ಗೆ ದೇಹದ ತೂಕದ ಪ್ರತಿ ಕೆಜಿಗೆ 120ರಿಂದ 150 ಮಿಗ್ರಾಂ ಅನ್ನೋದು ಬಹುಕಾಲದಿಂದ ಬಳಕೆಯಲ್ಲಿರೋ ಗುರಿ. 60 ಕೆಜಿಯವರಿಗೆ ಕನಿಷ್ಠ 7,200 ಮಿಗ್ರಾಂ. ದಿನಕ್ಕೆ 40 ಮಿಗ್ರಾಂ ಆದರೆ 180 ದಿನ, 20 ಆದರೆ 360 ದಿನ. ಗೆಳೆಯನ ಸ್ಟ್ರಿಪ್‌ನಿಂದ ಹತ್ತು ಕ್ಯಾಪ್ಸೂಲ್ ಎರವಲು ತಗೊಂಡರೆ 200 ಮಿಗ್ರಾಂ. ಫೆಸ್ಟ್‌ಗೆ ಮುಂಚೆ ಮುಖ ಹೊಳೆಯೋದಿರಲಿ, ಮೊದಲ ಕೆಲವು ವಾರ ಮೊಡವೆ ಇನ್ನೂ ಜಾಸ್ತಿಯಾಗೋದೂ ಉಂಟು! ಇನ್ನೊಂದು ವಿಷಯ, ಇದು ಕೊಬ್ಬಿನಲ್ಲಿ ಕರಗೋ ಔಷಧಿ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಅರ್ಧಕ್ಕರ್ಧ ವ್ಯರ್ಥ, ಹಾಗಾಗಿ ಸಾಮಾನ್ಯವಾಗಿ ಊಟದ ಜೊತೆ ತಗೊಳ್ಳೋಕೆ ಹೇಳ್ತಾರೆ.

ತುಟಿ ಒಣಗಿ ಬಿರಿಯೋದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತೆ. ಕಣ್ಣು ಒಣಗಿ ಕಾಂಟ್ಯಾಕ್ಟ್ ಲೆನ್ಸ್ ಚುಚ್ಚಬಹುದು, ಮೂಗಲ್ಲಿ ರಕ್ತ ಬರಬಹುದು. ಕೆಲವರಿಗೆ ರಾತ್ರಿ ಕಣ್ಣು ಮಂಜಾಗುತ್ತೆ, ಬೈಕ್ ಓಡಿಸೋರು ಹುಷಾರು. ಒಳಗೆ ಲಿವರ್ ಎನ್‌ಜೈಮ್, ಟ್ರೈಗ್ಲಿಸರೈಡ್ ಏರಬಹುದು. ಇವು ಕನ್ನಡಿಯಲ್ಲಿ ಕಾಣಲ್ಲ, ಅದಕ್ಕೇ ರಕ್ತಪರೀಕ್ಷೆ. ಸ್ಟ್ರಿಪ್ ಹಂಚಿಕೊಂಡವರು ಈ ಪರೀಕ್ಷೆ ಹಂಚಿಕೊಳ್ಳಲ್ಲ, ನೋಡಿ. ಮನಸ್ಸು ಕುಗ್ಗಿದ ಹಾಗನ್ನಿಸಿದರೆ ಸೆಮಿಸ್ಟರ್ ಟೆನ್ಶನ್ ಅಂತ ಸುಮ್ಮನಿರದೆ ಆ ದಿನವೇ ಡಾಕ್ಟರಿಗೆ ಹೇಳಿ, ಮನೆಯಲ್ಲೂ ಹೇಳಿ.

ಡಾಕ್ಸಿಸೈಕ್ಲಿನ್ ಮತ್ತು ಐಸೊಟ್ರೆಟಿನಾಯಿನ್ ಒಟ್ಟಿಗೆ ತಗೊಳ್ಳಬಾರದು. ತಲೆಬುರುಡೆಯ ಒಳಗಿನ ಒತ್ತಡ ಏರಿ ವಿಪರೀತ ತಲೆನೋವು, ದೃಷ್ಟಿ ತೊಂದರೆ ಆಗಬಹುದು. ಒಂದನ್ನ ಡಾಕ್ಟರು ಬರೆದಿರ್ತಾರೆ, ಇನ್ನೊಂದು ಪಕ್ಕದ ರೂಮಿಂದ ಬಂದಿರುತ್ತೆ. ಇಬ್ಬರೂ ಒಳ್ಳೇ ಮನಸ್ಸಿಂದಲೇ ಕೊಟ್ಟಿರ್ತಾರೆ.

ಹುಡುಗಿಯರ ವಿಷಯದಲ್ಲಿ ಒಂದು ಮಾತನ್ನ ಮುಚ್ಚುಮರೆ ಇಲ್ಲದೆ ಹೇಳಬೇಕು. ಐಸೊಟ್ರೆಟಿನಾಯಿನ್ ತಗೊಳ್ಳುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಕಿವಿ, ಮುಖಕ್ಕೆ ತೀವ್ರ ಹಾನಿಯಾಗುವ ಅಪಾಯ ಬಹಳ. ಇಷ್ಟು ಡೋಸ್ ಆದರೆ ಪರವಾಗಿಲ್ಲ ಅನ್ನೋ ಮಿತಿಯೇ ಇಲ್ಲ. ಕೋರ್ಸ್ ಮುಗಿದ ಮೇಲೂ ಒಂದು ತಿಂಗಳು ಈ ಎಚ್ಚರಿಕೆ ಬೇಕು. ಅಮೆರಿಕದಲ್ಲಿ 2006ರಿಂದ ಇದಕ್ಕೆಂದೇ ಐಪ್ಲೆಡ್ಜ್ ಅನ್ನೋ ನೋಂದಣಿ ವ್ಯವಸ್ಥೆ ಇದೆ. ನಮ್ಮಲ್ಲಿ ಅಮ್ಮನ ಜೊತೆ ಕ್ಲಿನಿಕ್‌ಗೆ ಹೋದಾಗ ಡಾಕ್ಟರು ಗರ್ಭದ ಬಗ್ಗೆ ಕೇಳಿದರೆ "ಮದುವೆಯಾಗದ ಹುಡುಗಿಗೆ ಇದೇನು ಪ್ರಶ್ನೆ" ಅಂತ ಮುಜುಗರ ಆಗುತ್ತೆ. ನಡತೆಗೂ ಆ ಪ್ರಶ್ನೆಗೂ ಸಂಬಂಧ ಇಲ್ಲ, ಈ ಔಷಧಿ ಬರೆಯೋ ಮುಂಚೆ ಕೇಳಲೇಬೇಕಾದ್ದು ಅದು. ನಮ್ಮ ಹುಡುಗರು ಗೆಳತಿಗೋ ತಂಗಿಗೋ ತಮ್ಮ ಸ್ಟ್ರಿಪ್ ಕೊಟ್ಟಾಗ ತಪ್ಪಿಹೋಗೋದು ಇದೇ ಪ್ರಶ್ನೆ.

ಪಿಸಿಒಡಿ ಇದ್ದು ಗಲ್ಲ, ದವಡೆ ಸುತ್ತ ಮೊಡವೆ ಬರೋರಿಗೆ ಹಾರ್ಮೋನ್ ಮಾತ್ರೆ ಅಥವಾ ಸ್ಪೈರೊನೊಲ್ಯಾಕ್ಟೋನ್ ಬರೆಯೋದೂ ಇದೆ. ಮೈಗ್ರೇನ್ ಇದ್ದರೆ, ಸಿಗರೇಟ್ ಅಭ್ಯಾಸ ಇದ್ದರೆ, ಹಾರ್ಮೋನ್ ಮಾತ್ರೆಗೆ ಮುಂಚೆ ಹೇಳಲೇಬೇಕು. ಸ್ಪೈರೊನೊಲ್ಯಾಕ್ಟೋನ್ ಹುಡುಗರ ಮೊಡವೆಗೆ ಕೊಡಲ್ಲ, ಎದೆ ಬೆಳೆಯೋ ಅಡ್ಡಪರಿಣಾಮ ಇದೆ.

ಕ್ಯಾಂಪಸ್‌ಗೆ ನೇರವಾಗಿ ಸಂಬಂಧಿಸಿದ್ದು ಇನ್ನೊಂದಿದೆ, ರಕ್ತದಾನ ಶಿಬಿರ. ಐಸೊಟ್ರೆಟಿನಾಯಿನ್ ತಗೊಳ್ತಿರೋರು, ಬಿಟ್ಟು ಒಂದು ತಿಂಗಳು ಆಗದೇ ಇರೋರು ರಕ್ತ ಕೊಡಬಾರದು. ಆ ರಕ್ತ ಗರ್ಭಿಣಿಯೊಬ್ಬರಿಗೆ ಹೋಗಬಹುದು. ಕ್ಲಾಸ್ ಪೂರ್ತಿ ಸಾಲಲ್ಲಿ ನಿಂತಿದ್ದರೂ ಫಾರ್ಮ್ ತುಂಬೋವಾಗ ಮಾತ್ರೆಯ ಹೆಸರು ಬರೆಯಿರಿ. ಮುಂದಿನ ಶಿಬಿರಕ್ಕೆ ಕೊಟ್ಟರಾಯ್ತು.