ಉಣ್ಣಿ, ಮಂಗ ಮತ್ತು ದೂರದ ಹಕ್ಕಿ

ಹಟ್ಟಿಯ ದನದ ಕಿವಿಯಿಂದ ಉಣ್ಣಿ ಕಿತ್ತು ಗೊತ್ತಿಲ್ಲದ ಮಕ್ಕಳು ನಮ್ಮ ಮುಳ್ಳೇರಿಯದ ಕಡೆ ವಿರಳ. ಮಲೆನಾಡಿನವರು ಇದನ್ನೇ ಉಣುಗು ಎನ್ನುತ್ತಾರೆ. ಇದು ಕೀಟವಲ್ಲ, ಜೇಡನ ಬಳಗದ್ದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು, ಮುಂದೆ ಎಂಟು. ರಕ್ತ ಹೀರದೆ ಅದು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಬೆಳೆಯಲಾರದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರಿಗೂ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ತಜ್ಞರು ಶಂಕಿಸಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದನ್ನು ಹರಡುತ್ತಿದ್ದದ್ದು ಕಾಡಿನ ಉಣ್ಣಿ. ಜ್ವರಕ್ಕೆ ಕಾಡಿನ ಹೆಸರೇ ನಿಂತಿತು. (ಆ ಊರಿನವರಿಗೆ ಇದು ಹಿತವೆನಿಸಿರಲಾರದು.) ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ವಿಚಿತ್ರವೆಂದರೆ, ಈ ವೈರಸ್ ರಷ್ಯದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮೆದುಳುಜ್ವರದ ವೈರಸ್ಸಿನ ಹತ್ತಿರದ ನೆಂಟ. ಅಷ್ಟು ದೂರದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ಹಾರಿಬರುವ ಹಕ್ಕಿಗಳ ಮೈಮೇಲಿನ ಉಣ್ಣಿಯ ಮೂಲಕವೇ? ಈ ಶಂಕೆಯಿಂದಲೇ 1959ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಬೊಂಬಾಯಿ ನಿಸರ್ಗ ಇತಿಹಾಸ ಸಂಘದ ಸಾಲಿಂ ಅಲಿಯವರು ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ತೊಡಗಿದರು. ತೆಳುಬಲೆ ಕಟ್ಟಿ ಹಕ್ಕಿ ಹಿಡಿಯುವುದು, ಕಾಲಿಗೆ ಸಂಖ್ಯೆಯಿದ್ದ ಹಗುರ ಉಂಗುರ ತೊಡಿಸುವುದು, ಮೈಮೇಲಿನ ಉಣ್ಣಿಗಳನ್ನು ಕಿತ್ತು ಪರೀಕ್ಷೆಗೆ ಕಳುಹಿಸುವುದು, ಹಕ್ಕಿಯನ್ನು ಮರಳಿ ಹಾರಿಬಿಡುವುದು. ಉಂಗುರ ತೊಟ್ಟ ಹಕ್ಕಿ ಬೇರೆ ದೇಶದಲ್ಲಿ ಸಿಕ್ಕರೆ ಅದರ ದಾರಿ ತಿಳಿಯುತ್ತಿತ್ತು.

ಹಕ್ಕಿಗಳ ವಲಸೆಯ ಬಗ್ಗೆ ನಮಗೆ ಬಹಳಷ್ಟು ತಿಳಿದದ್ದು ಈ ಕೆಲಸದಿಂದ. ಆದರೆ ಹಕ್ಕಿಯೇ ಕಾಯಿಲೆ ತಂದಿತೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ದೂರದವರ ಮೇಲೆ ತಪ್ಪು ಹೊರಿಸುವುದು ಸುಲಭ. ರೋಗ ಹರಡಲು ಬೇಕಾದ ಉಣ್ಣಿ, ಮಂಗ, ಇಲಿ, ಕಾಡಂಚಿನಲ್ಲಿ ಮೇಯುವ ದನ, ಎಲ್ಲವೂ ಇಲ್ಲಿಯವೇ ಆಗಿದ್ದವು. ದನ ಈ ಜ್ವರವನ್ನು ನಮಗೆ ಅಂಟಿಸುವುದಿಲ್ಲ, ಆದರೆ ಅದರ ರಕ್ತ ಕುಡಿದು ಉಣ್ಣಿಗಳ ಸಂಖ್ಯೆ ಹೆಚ್ಚುತ್ತದೆ.

1980ರ ದಶಕದಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿಗೂ ಕಾಯಿಲೆ ಬಂತು. ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಿದ್ದರು. 2015ರಲ್ಲಿ ವಯನಾಡಿನಲ್ಲಿ ಹಲವರು ಹಾಸಿಗೆ ಹಿಡಿದರು.

ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ತರಗೆಲೆ ಗುಡಿಸುವ ಕಾಲದಲ್ಲೇ, ಉಣ್ಣಿಮರಿಗಳ ಹಾವಳಿ ಹೆಚ್ಚು. ಸೊಪ್ಪು ತರಲು ಗುಡ್ಡಕ್ಕೆ ಹೋಗುವ ಹೆತ್ತವರು ಮೈಮುಚ್ಚುವ ಬಟ್ಟೆ ತೊಡಲಿ, ಮನೆಗೆ ಬಂದೊಡನೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಲಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮಕ್ಕಳು ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.