ತಮ್ಮನಿಗೆ ವಕೀಲರನ್ನು ಇಡುವುದು ತಪ್ಪಾ?

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. ಬದುವಿನ ಜಗಳದಲ್ಲಿ ಪಕ್ಕದ ಜಮೀನಿನವರ ತಲೆಗೆ ಪೆಟ್ಟಾಗಿ, ತಮ್ಮನ ಮೇಲೆ ಕೊಲೆಯತ್ನದ ಕೇಸಾಗಿದೆ. ಅವನು ಮೈಸೂರು ಜೈಲಿನಲ್ಲಿದ್ದಾನೆ. ಹೊಗೆಸೊಪ್ಪು ಹರಾಜಾಗುವವರೆಗೆ ಕೈಯಲ್ಲಿ ಕಾಸಿಲ್ಲ. ‘ಹೊಡೆದವನಿಗೆ ಲಾಯರ್ ಯಾಕೆ?’ ಅಂತಾರೆ ನೆಂಟರು. ಪೆಟ್ಟು ತಿಂದವರ ಮುಖ ನೆನೆದರೆ ನನಗೂ ಹಾಗೇ ಅನಿಸುತ್ತದೆ. ನಿದ್ದೆಯೇ ಬರುತ್ತಿಲ್ಲ.

ಉತ್ತರ: ತಂಗೀ, ತಮ್ಮನಿಗಾಗಿ ಅಳುತ್ತಲೇ ಪೆಟ್ಟು ತಿಂದವರಿಗಾಗಿಯೂ ನೋಯುತ್ತಿದ್ದೀರಿ. ಎರಡೂ ನಿಜವಾದ ಸಂಕಟ. ಒಂದಕ್ಕಾಗಿ ಇನ್ನೊಂದನ್ನು ಅದುಮಿಡಬೇಕಿಲ್ಲ. ಊರಿನವರ ಮುಂದೆ ತಲೆ ತಗ್ಗಿಸುವಂಥದ್ದನ್ನೂ ನೀವು ಮಾಡಿಲ್ಲ.

ವಕೀಲರನ್ನು ಇಡುವುದೆಂದರೆ ತಪ್ಪನ್ನು ಮುಚ್ಚಿಹಾಕುವುದಲ್ಲ. ನಿಮ್ಮ ತಾಲ್ಲೂಕಿನದೇ ಪ್ರಕರಣ ನೋಡಿ. ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರ ಕಾಣೆಯಾದ ಹೆಂಡತಿಯದೇ ಎಂದು, ಕೊಡಗಿನ ಒಬ್ಬ ಬಡ ಆದಿವಾಸಿಯನ್ನು ಕೊಲೆ ಆರೋಪದಲ್ಲಿ ಜೈಲಿಗೆ ಹಾಕಿದರು. ಡಿಎನ್‌ಎ ಹೊಂದಿಕೆಯಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಕಾಣಿಸಿದರು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಆರೋಪದಿಂದ ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅವನ ಪರ ವಾದಿಸುವ ವಕೀಲರು ಇಲ್ಲದಿದ್ದರೆ ಏನಾಗುತ್ತಿತ್ತೋ!

ನಿಮ್ಮ ತಮ್ಮನ ವಿಷಯ ಬೇರೆ ಇರಬಹುದು, ಅವನು ಹೊಡೆದಿರಲೂಬಹುದು. ಆಗಲೂ, ಕೊಲ್ಲಬೇಕೆಂದೇ ಹೊಡೆದನೋ, ತಳ್ಳಾಟದಲ್ಲಿ ಪೆಟ್ಟು ಬಿತ್ತೋ ಎಂಬುದು ತೀರ್ಮಾನವಾಗಬೇಕು. ಶಿಕ್ಷೆಯಲ್ಲಿ ವರ್ಷಗಟ್ಟಲೆ ವ್ಯತ್ಯಾಸ ಬರುವುದು ಅಲ್ಲೇ.

ದುಡ್ಡಿನ ಚಿಂತೆಗೆ ದಾರಿಯಿದೆ. ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. ಪಿರಿಯಾಪಟ್ಟಣ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಎಫ್‌ಐಆರ್ ಪ್ರತಿಯೊಂದಿಗೆ ಹೋಗಿ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೂ ಅವರವರ ತಾಲ್ಲೂಕು ಕೋರ್ಟಿನಲ್ಲೇ ಈ ಸಮಿತಿ ಇದೆ. ಹೋಗಲಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಜೈಲಿನಿಂದ ತಮ್ಮನೇ ಅರ್ಜಿ ಕೊಡಬಹುದು. ಒಡವೆ ಅಡವಿಡುವ ಮೊದಲು ಇಷ್ಟು ಮಾಡಿ.

ತಡ ಮಾತ್ರ ಮಾಡಬೇಡಿ. ಆರೋಪದ ಗಂಭೀರತೆ ನೋಡಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಆ ದಿನಗಳನ್ನು ಲೆಕ್ಕ ಇಡುವವರು ವಕೀಲರೇ. ಅವರ ಹತ್ತಿರ ಏನನ್ನೂ ಮುಚ್ಚಿಡಬೇಡಿ, ತಮ್ಮನ ತಪ್ಪಿದ್ದರೆ ಅದನ್ನೂ ಹೇಳಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಗಾಯಗೊಂಡವರ ಮನೆಗೆ ರಾಜಿಗೆಂದು ಹೋಗಬೇಡಿ, ಯಾರನ್ನೂ ಕಳಿಸಬೇಡಿ. ನೀವು ಕ್ಷಮೆ ಕೇಳಲು ಹೋದರೂ ಸಾಕ್ಷಿಗೆ ಬೆದರಿಕೆ ಎಂದಾಗಬಹುದು. ಏನಿದ್ದರೂ ವಕೀಲರನ್ನು ಕೇಳಿಯೇ ಮಾಡಿ.

ನಿದ್ದೆಯಿಲ್ಲದ ರಾತ್ರಿಗಳಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಾಳೆ ಬೆಳಿಗ್ಗೆ ಕೋರ್ಟಿಗೆ ಹೋಗುವಾಗ ಮನೆಯವರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.