ರಾತ್ರಿ ಸಂತೆಗೆ ಹೊರಟಿರಾ?

ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಮಗನ ಮನೆಗೋ ಮಗಳ ಮನೆಗೋ ಹೋದರೆ, ಅವರು ನಿಮ್ಮನ್ನು ‘626 ನೈಟ್ ಮಾರ್ಕೆಟ್’ಗೆ ಕರೆದೊಯ್ಯಬಹುದು. ಖಂಡಿತ ಹೋಗಿ. ತೈವಾನಿನ ರಾತ್ರಿ ಸಂತೆಗಳ ಮಾದರಿಯಲ್ಲಿ 2012ರಲ್ಲಿ ಪಸಡೀನಾದಲ್ಲಿ ಶುರುವಾದಾಗ ಮೊದಲ ರಾತ್ರಿಯೇ ಜನ ಮುಗಿಬಿದ್ದಿದ್ದರು. ಆಮೇಲೆ ಅದು ಆರ್ಕೇಡಿಯಾದ ಸಾಂತಾ ಅನಿತಾ ಕುದುರೆ ರೇಸಿನ ಆವರಣಕ್ಕೆ ಬಂತು. ಜಾಗ ದೊಡ್ಡದಾದರೂ ನೂಕುನುಗ್ಗಲು ತಪ್ಪಿಲ್ಲ.

ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಕಂಡ ಮೊದಲ ಅಂಗಡಿಗೇ ಸಾಲು ನಿಲ್ಲದೆ ಒಂದು ಸುತ್ತು ಹಾಕಿ, ಯಾವ ಒಲೆಯ ಮುಂದೆ ತಿಂಡಿ ಬಿಸಿಬಿಸಿಯಾಗಿ ಖರ್ಚಾಗುತ್ತಿದೆ ನೋಡಿ. ನಾಲ್ವರಿದ್ದರೆ ಒಂದೇ ತಟ್ಟೆ ಕೊಂಡು ಹಂಚಿಕೊಳ್ಳಿ. ಹೊಟ್ಟೆಗೂ ಜೇಬಿಗೂ ಒಳ್ಳೆಯದು.

ಸಸ್ಯಾಹಾರಿಗಳು ತುಸು ಹುಷಾರು. ನಮ್ಮ ಪಡ್ಡಿನಂತೆ ದುಂಡಗೆ ಕಾಣುವ ಜಪಾನಿನ ತಕೊಯಾಕಿಯೊಳಗೆ ಆಕ್ಟೋಪಸ್ ಇರುತ್ತದೆ. ಮೇಲೆ ನಲಿದಾಡುವ ತೆಳು ಪದರು ಒಣಮೀನಿನದು. ಥಾಯ್ ಪಪ್ಪಾಯಿ ಕೋಸಂಬರಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಬೀಳುತ್ತದೆ. ಬರೀ ತರಕಾರಿ ನೂಡಲ್ಸ್ ಎಂದರೂ ಆಯ್ಸ್ಟರ್ ಸಾಸ್ ಇರಬಹುದು. “ವೆಜ್ಜಾ?” ಎಂದರೆ ಗದ್ದಲದಲ್ಲಿ ತಲೆಯಾಡಿಸಿಬಿಡುತ್ತಾರೆ. ಫಿಶ್ ಸಾಸ್, ಆಯ್ಸ್ಟರ್ ಸಾಸ್ ಎಂದು ಹೆಸರು ಹಿಡಿದೇ ಕೇಳಿ. ಕಡಲೆಕಾಯಿ, ಸಿಗಡಿ ಒಗ್ಗದವರಿಗೂ ಇದೇ ಮಾತು.

ಚರಂಡಿ ಒಡೆದಂಥ ವಾಸನೆ ಬಂದರೆ ಮೂಗು ಮುಚ್ಚಿ ಓಡಬೇಡಿ, ಅದು ತೈವಾನಿನ ಪ್ರಸಿದ್ಧ ‘ನಾರುವ ತೋಫು’. ಬಾಯಿಗೆ ಅಷ್ಟು ಭಯಂಕರವಲ್ಲ. ಆದರೆ ಅದನ್ನು ನೆನೆಸುವ ನೀರಿಗೆ ಸಿಗಡಿ ಹಾಕುವುದೂ ಉಂಟು, ಕೇಳಿಯೇ ತಿನ್ನಿ.